ವಿಮಾನ ಹತ್ತದ ಕೊಬ್ಬರಿ

"ನನ್ ಮಗಳ ಸೀಮಂತಕ್ಕೆ ಬ್ಯಾರೆಯೋರ ತೋಟದ ಕೊಬ್ಬರಿನಾ? ಈ ಕೆಂಚಪ್ಪ ಇರೋಗಂಟ ಆಗದ ಮಾತು!"

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕೆಂಚಪ್ಪನವರು ಹೀಗೆ ಘೋಷಿಸಿದಾಗ ಹೆಂಡತಿ ವಿಶಾಲಮ್ಮ ರವಿಕೆ ಕಣ ಮಡಚುತ್ತಿದ್ದರು. ಮಗಳು ಹೇಮಲತಾ ಇರುವುದು ಅಂಡಮಾನಿನಲ್ಲಿ; ಅಳಿಯನಿಗೆ ಅಲ್ಲಿನ ಬ್ಯಾಂಕಿನಲ್ಲಿ ಕೆಲಸ. ಸುತ್ತ ಸಮುದ್ರ, ಬೇಗ ತಲುಪಬೇಕೆಂದರೆ ವಿಮಾನವೇ ಗತಿ. ಕೆಂಚಪ್ಪನವರು ಈ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಮಾತು ಕೇಳಿದರೆ ಮಾತ್ರ ಹತ್ತು ಸಲ ತಾವೇ ಓಡಿಸಿದವರ ಹಾಗೆ!

"ಅಲ್ಲೂ ತೆಂಗಿನಮರ ಅವಂತೆ ಕಣ್ರೀ."

"ಇರ್ಲಿ ಬಿಡೇ. ಮರ ಇದ್ದೋರೆಲ್ಲ ಕೊಬ್ಬರಿ ಮಾಡಕ್ಕಾಯ್ತದಾ? ನಮ್ದು ಕಣಕಟ್ಟೆ ತೋಟದ್ದು. ಹನ್ನೊಂದು ತಿಂಗ್ಳು ಅಟ್ಟದ ಮ್ಯಾಲೆ ತಪಸ್ಸು ಮಾಡಿರೋ ಮಾಲು!"

ಇಪ್ಪತ್ತೊಂದು ಉಂಡೆ ಕೊಬ್ಬರಿ ಆರಿಸಿ, ಪಂಚೆಯಲ್ಲಿ ಒರೆಸಿ, ಸೂಟ್‌ಕೇಸಿನಲ್ಲಿ ಮಲಗಿಸಿದರು. ಜಾಗ ಸಾಲದೆ ವಿಶಾಲಮ್ಮನ ರೇಷ್ಮೆ ಸೀರೆ ಕೈಚೀಲಕ್ಕೆ ಗಡೀಪಾರಾಯಿತು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆಯ ಹುಡುಗಿ ಪರದೆ ನೋಡಿ ಹುಬ್ಬೇರಿಸಿದಳು.

"ಸರ್, ಇದೇನು ಉಂಡೆ ಉಂಡೆ? ಹಸಿ ತೆಂಗಿನಕಾಯಿ ತಾನೇ? ಹಸೀದಾದ್ರೆ ಪರವಾಗಿಲ್ಲ."

ಅಯ್ಯೋ ಪುಣ್ಯಾತ್ಮ, 'ಹೂಂ' ಅಂದಿದ್ದರೆ ಮುಗಿಯುತ್ತಿತ್ತು! ವಿಶಾಲಮ್ಮ ತೋಳು ಚಿವುಟಿದರು. ಆದರೆ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕೂತ ಜೀವಕ್ಕೆ ಮೈಯೆಲ್ಲ ಉರಿದುಹೋಯಿತು.

"ಹಸಿ ಕಾಯಾ? ಏನಮ್ಮ ಹಿಂಗಂತೀಯ! ಅಪ್ಪಟ ಕೊಬ್ಬರಿ! ಹಿಂಡಿದ್ರೆ ಎಣ್ಣೆ ಸುರೀತದೆ. ಒಂದು ಕಡ್ಡಿ ಗೀರಿ ನೋಡು, ಧಗ್ ಅಂತ ಹತ್ಕೊಂಡು ಅರ್ಧ ಗಂಟೆ ಉರೀತದೆ!"

ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

"ಅದಕ್ಕೇ ಸರ್, ಒಣ ಕೊಬ್ಬರಿ ವಿಮಾನದಲ್ಲಿ ಬಿಡಲ್ಲ" ಎಂದಳು ಹುಡುಗಿ, ಬಲು ನಯವಾಗಿ.

ಇಪ್ಪತ್ತೊಂದೂ ಅಲ್ಲೇ ಉಳಿದವು. ವಿಮಾನದಲ್ಲಿ ಕಿಟಕಿ ಪಕ್ಕ ಕೂತರೂ ಕೆಂಚಪ್ಪನವರು ಮೋಡ ನೋಡಲಿಲ್ಲ. ಮಗಳ ಮಡಿಲಿಗೆ ತವರಿನ ಕೊಬ್ಬರಿ ಇಲ್ಲವಲ್ಲ ಎಂಬುದೊಂದೇ ಚಿಂತೆ.

"ಬರಿಗೈಲಿ ಹೋಯ್ತಿವ್ನಲ್ಲೇ..."

"ಬಾಯಿ ಒಂಚೂರು ಮುಚ್ಕೊಂಡಿದ್ರೆ ಕೈ ತುಂಬ ಇರ್ತಿತ್ತು" ಎಂದರು ವಿಶಾಲಮ್ಮ.

ಮರುದಿನ ಸೀಮಂತ. ಹೇಮಲತಾಳ ಮುಂದಿನ ತಟ್ಟೆಯಲ್ಲಿ ದುಂಡು ದುಂಡಾದ ಕೊಬ್ಬರಿ! ಕೆಂಚಪ್ಪನವರ ಮುಖ ಊರಗಲ ಆಯಿತು. ಭೇಷ್ ವಿಶಾಲೂ, ಸೀರೆ ಮಡಿಕೆಯಲ್ಲಿ ಬಚ್ಚಿಟ್ಟು ತಂದುಬಿಟ್ಟೆಯಾ ಎಂದುಕೊಂಡರು. ಒಂದನ್ನು ಎತ್ತಿ ಮೂಸಿ, ಅಳಿಯನ ತಾಯಿಯ ಮುಂದೆ ಹಿಡಿದರು.

"ನೋಡಿ ತಾಯಿ, ಏನು ಘಮ, ಏನು ತೂಕ! ಅರಸೀಕೆರೆ ಮಣ್ಣಿನ ಗುಣ ಇದು. ಈ ದ್ವೀಪನೆಲ್ಲ ಜಾಲಾಡಿದ್ರೂ ಇಂಥದ್ದೊಂದು ಸಿಕ್ಕಲ್ಲ!"

"ಅಯ್ಯೋ ಅಪ್ಪಾಜಿ, ಅದು ನಮ್ಮ ಹಿತ್ತಲ ಮರದ್ದು" ಎಂದಳು ಹೇಮಲತಾ. "ಅತ್ತೆಯೇ ಅಟ್ಟದ ಮೇಲೆ ವರ್ಷವಿಡೀ ಒಣಗಿಸಿದ್ದು."

ಬೀಗಿತ್ತಿ ಹಿಗ್ಗಿಹೋದರು. "ನಿಮಗೆ ಅಷ್ಟು ಹಿಡಿಸಿದ್ರೆ, ಹೋಗೋವಾಗ ಒಂದು ಚೀಲ ಕಟ್ಟಿಕೊಡ್ತೀನಿ ಬೀಗರೇ!"

ಕೆಂಚಪ್ಪನವರು ಕೊಬ್ಬರಿಯನ್ನು ಮೆಲ್ಲಗೆ ಮಗಳ ಮಡಿಲಿಗಿಟ್ಟರು.

"ಬ್ಯಾಡಿ ತಾಯಿ... ವಿಮಾನದೋರು ಬಿಡಕಿಲ್ಲ."