ಸೈಕಲ್ ಜ್ವರ

ಮನುಷ್ಯನ ಧೈರ್ಯವನ್ನು ಅವನ ಉದ್ಯೋಗ ನೋಡಿ ಅಳೆಯಬಾರದು. ನಾನು ದನದ ಡಾಕ್ಟರು. ಮದ್ದೂರಿನಲ್ಲಿ ಮನೆ, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕೆಲಸ. ಒದೆಯುವ ಎಮ್ಮೆ, ಹಾಯುವ ಹೋರಿ, ಅವಕ್ಕಿಂತ ಜೋರಾಗಿ ಹಾಯುವ ಅವುಗಳ ಯಜಮಾನರು, ಎಲ್ಲರನ್ನೂ ಸಂಭಾಳಿಸಿಕೊಂಡು ಬಂದಿದ್ದೇನೆ. ಹಸುವಿನೊಳಗೆ ಭುಜದವರೆಗೆ ಕೈ ಹಾಕುವಾಗಲೂ ನನ್ನ ಎದೆ ಡವಗುಟ್ಟುವುದಿಲ್ಲ. ಆದರೆ ಯುಕೆಜಿ ಓದುವ ನನ್ನ ಮಗಳು ಮನ್ವಿ ಬ್ಯಾಗಿನಿಂದ ಹೊಳೆಯುವ ಕಾರ್ಡೊಂದನ್ನು ತೆಗೆದು, “ಅಪ್ಪಾ, ಲಿಖಿತಾ ಬರ್ತ್‌ಡೇ!” ಎಂದರೆ ಸಾಕು, ಕೈಕಾಲು ತಣ್ಣಗಾಗಿಬಿಡುತ್ತವೆ. ಐದು ವರ್ಷದ ಕೂಸಿಗೆ ಎಷ್ಟು ದುಡ್ಡಿನ ಉಡುಗೊರೆ ಕೊಡಬೇಕು? ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಔಷಧಿ ಇಲ್ಲ.

ಈ ಭಯ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಹಾಕುವುದುಂಟು. ಇವತ್ತು ನೀವು ನನಗೆ ಕೊಟ್ಟದ್ದನ್ನು ನಾಳೆ ನಿಮ್ಮ ಮನೆಯ ಶುಭಕಾರ್ಯದಲ್ಲಿ ನಾನು ಸ್ವಲ್ಪ ಸೇರಿಸಿಯೇ ಹಿಂದಿರುಗಿಸಬೇಕು. “ಒಂದ್ರುಪಾಯಾದ್ರೂ ಮೇಲಾಗಿ ಕೊಡ್ಬೇಕು ಕಣ್ಲಾ. ಇಲ್ದಿದ್ರೆ ಸಾಯಗಂಟ ಋಣ” ಎನ್ನುವುದು ನಮ್ಮವ್ವನ ಕಾನೂನು. ಚಿಕ್ಕವನಿದ್ದಾಗ ಒಂದು ಮದುವೆಗೆ ಅಪ್ಪನ ಜೊತೆ ಹೋಗಿದ್ದೆ. ಅಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರೆಂದು ಮೈಕಿನಲ್ಲಿ ಕೂಗುತ್ತಿದ್ದರು. ಅಪ್ಪನ ಹೆಸರು, ಮೊತ್ತ ಕೂಗಿದ ಮೈಕಿನವನು ಒಂದು ಕ್ಷಣ ತಡೆದು, “ಇಷ್ಟೇನಾ?” ಎಂದು ಪಕ್ಕದವನನ್ನು ಕೇಳಿದ. ಕೇಳಿದ್ದು ಮೆಲ್ಲಗೇ. ಆದರೆ ಮೈಕಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲವಲ್ಲ! ಅಪ್ಪ ಅವತ್ತು ಪಂಕ್ತಿಗೆ ಕೂರದೆ ನನ್ನ ಕೈ ಹಿಡಿದು ಹೊರಟುಬಿಟ್ಟರು. ಪಾಯಸ ತಪ್ಪಿತೆಂದು ನಾನು ದಾರಿಯುದ್ದಕ್ಕೂ ಅತ್ತೆ. ಆ “ಇಷ್ಟೇನಾ” ಮಾತ್ರ ಇವತ್ತಿಗೂ ಕಿವಿ ಬಿಟ್ಟು ಹೋಗಿಲ್ಲ.

ಲಿಖಿತಾಳ ಕಾರ್ಡು ನೋಡಿದರೆ ಪಾರ್ಟಿ ಮಂಡ್ಯದ ದೊಡ್ಡ ಹಾಲಿನಲ್ಲಿ. ಕಿರೀಟ ಇಟ್ಟುಕೊಂಡ ಮಗುವಿನ ಫೋಟೋ, ಚಿನ್ನದ ಬಣ್ಣದ ಅಕ್ಷರ. ಯಾರೋ ಭಾರಿ ಕುಳವೇ ಇರಬೇಕು ಎಂದುಕೊಂಡೆ. ನನ್ನ ಹೆಂಡತಿ ಸುಧಾ, “ಇನ್ನೂರು ರೂಪಾಯಿಗೆ ಒಳ್ಳೇ ಬಣ್ಣದ ಪೆಟ್ಟಿಗೆ ಬರುತ್ತೆ. ಮಕ್ಕಳಿಗೆ ಇನ್ನೇನು ಬೇಕ್ರೀ?” ಎಂದಳು. “ಅಲ್ಲಿ ಮೈಕ್ ಇರುತ್ತೆ ಸುಧಾ” ಎಂದೆ. “ಇರಲಿ, ನೀವೇನು ಹಾಡ್ತೀರಾ?” ಎಂದಳು. ಅವಳಿಗೆ ಹೇಗೆ ಹೇಳಲಿ! ಅಂಗಡಿಗೆ ಹೋಗಿ ಬಣ್ಣದ ಪೆಟ್ಟಿಗೆ ಕೈಗೆತ್ತಿಕೊಂಡೆ. “ಇಷ್ಟೇನಾ?” ಎಂದಿತು ಕಿವಿ. ಇಟ್ಟು ಗೊಂಬೆ ಹಿಡಿದೆ. ಮತ್ತೆ “ಇಷ್ಟೇನಾ?” ಹೀಗೆ ಭಯ ಹೇಳಿದ ಕಡೆಗೆಲ್ಲ ಕೈ ಚಾಚುತ್ತಾ ಹೋಗಿ, ಕೊನೆಗೆ ನಾಲ್ಕು ಸಾವಿರದ ಗುಲಾಬಿ ಸೈಕಲ್ ಹಿಡಿದುಕೊಂಡು ಅಂಗಡಿಯಿಂದ ಆಚೆ ಬಂದೆ. ಅದಕ್ಕೆ ಮೂರು ಹಾಳೆ ಬಣ್ಣದ ಕಾಗದ ಸುತ್ತಿಸಿದೆ. ಎಷ್ಟು ಸುತ್ತಿದರೂ ಸೈಕಲ್ಲು ಸೈಕಲ್ಲಾಗಿಯೇ ಕಾಣುತ್ತಿತ್ತು.

ನಾನು ಹೆದರಿದಂತೆಯೇ ಹಾಲಿನಲ್ಲಿ ಮೈಕ್ ಇತ್ತು. ಅದನ್ನು ಹಿಡಿದಿದ್ದ ಹುಡುಗಿ ಒಂದೊಂದೇ ಉಡುಗೊರೆ ಬಿಚ್ಚಿ ಕೂಗುತ್ತಿದ್ದಳು. ಟಿಫನ್ ಬಾಕ್ಸು, ಬಲೂನು, ಬಣ್ಣದ ಪೆಟ್ಟಿಗೆ, ಇನ್ನೊಂದು ಬಣ್ಣದ ಪೆಟ್ಟಿಗೆ. ಆಮೇಲೆ, “ಮನ್ವಿ ಕಡೆಯಿಂದ… ಸೈ…ಕಲ್!” ಹಾಲಿಗೆ ಹಾಲೇ ಚಪ್ಪಾಳೆ. ನನ್ನ ಅಪ್ಪ ಬಿಟ್ಟು ಬಂದ ಪಾಯಸವನ್ನು ಅವತ್ತು ನಾನು ಉಂಡಷ್ಟು ಸಂತೋಷವಾಯಿತು. ಲಿಖಿತಾಳ ಅಪ್ಪ ಶಿವಣ್ಣ ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಂಗೈ ಒದ್ದೆಯಾಗಿತ್ತು. ಪಾಪ, ಖುಷಿ ತಡೆಯಲಾರದೆ ಬೆವರಿದ್ದಾನೆ ಎಂದುಕೊಂಡೆ.

ಮುಂದಿನ ತಿಂಗಳೇ ಮನ್ವಿಯ ಹುಟ್ಟುಹಬ್ಬ. “ನಿಂಗೂ ಸೈಕಲ್ ಬೇಕಾ ಪುಟ್ಟಿ?” ಎಂದರೆ, “ಬೇಡ, ಲಿಖಿತಾ ಬಂದ್ರೆ ಸಾಕು. ಅವ್ಳ ಸೈಕಲ್‌ನಲ್ಲೇ ಹಿಂದೆ ಕೂರಿಸ್ಕೊತಾಳಂತೆ” ಎಂದಳು. ಮನೆಯಲ್ಲೇ ಪುಟ್ಟ ಪಾರ್ಟಿ. ಕರೆದ ಮಕ್ಕಳೆಲ್ಲ ಬಂದರು, ಲಿಖಿತಾ ಬರಲಿಲ್ಲ. ಫೋನ್ ಮಾಡಿದರೆ ಶಿವಣ್ಣ, “ಜ್ವರ ಸಾ” ಎಂದು ಇಟ್ಟುಬಿಟ್ಟ. ಮನ್ವಿ ಕೇಕ್ ಕತ್ತರಿಸುವುದಿಲ್ಲವೆಂದು ಚಾಕು ಬೆನ್ನ ಹಿಂದೆ ಇಟ್ಟುಕೊಂಡು ಬಾಗಿಲಲ್ಲೇ ನಿಂತಳು. ಎಷ್ಟು ರಮಿಸಿದರೂ ಅಲ್ಲಿಂದ ಕದಲಲಿಲ್ಲ. “ಜ್ವರ ನೋಡ್ಕೊಂಡು ಬರ್ತೀನಿ ಇರು” ಎಂದು ಬೈಕ್ ಹತ್ತಿದೆ.

ಶಿವಣ್ಣನ ಮನೆ ನಿಡಘಟ್ಟದ ಹತ್ತಿರದ ಹಳ್ಳಿಯಲ್ಲಿ. ಭಾರಿ ಕುಳದ ಮನೆ ಹುಡುಕಿಕೊಂಡು ಹೋದವನಿಗೆ ಸಿಕ್ಕಿದ್ದು ಎರಡು ಅಂಕಣದ ಹೆಂಚಿನ ಮನೆ. ಬೀದಿಯಲ್ಲಿ ಜ್ವರದ ಲಿಖಿತಾ ಟ್ರಿಣ್ ಟ್ರಿಣ್ ಎಂದು ಸೈಕಲ್ ಹೊಡೆಯುತ್ತಿದ್ದಳು. “ಅಪ್ಪಾ, ಸೈಕಲ್ ಅಂಕಲ್ ಬಂದ್ರು!” ಎಂದು ಕೂಗಿದ್ದೇ ತಡ, ಜಗುಲಿಯಲ್ಲಿದ್ದ ಶಿವಣ್ಣ ದಡಕ್ಕನೆ ಎದ್ದು ಹಿತ್ತಲಿಗೆ ಹೋಗಿ ಹುಲ್ಲಿನ ಮೆದೆಯ ಹಿಂದೆ ನಿಂತುಕೊಂಡ. ಹಿಂದೆಯೇ ಹೋಗಿ ನೋಡಿದರೆ ಲುಂಗಿಯ ಅಂಚು ಮಾತ್ರ ಆಚೆ ಕಾಣುತ್ತಿತ್ತು. ಎಮ್ಮೆ ಕಂಡರೂ ಹೆದರದ ಊರಿನ ಗಂಡಸೊಬ್ಬ ನನಗೆ ಹೆದರಿ ಅಡಗಿದ್ದ.

“ಮಗೂಗೆ ಜ್ವರ ಬಿಡ್ತಾ ಶಿವಣ್ಣ?” ಎಂದೆ, ಮೆದೆಯನ್ನೇ ಉದ್ದೇಶಿಸಿ.

“ಮಗೀಗಲ್ಲ ಸಾ, ನಂಗೆ” ಎನ್ನುತ್ತಾ ಆಚೆ ಬಂದ. “ನಿಮ್ಮ ಸೈಕಲ್ ಬಂದ ದಿನದಿಂದ ಬುಡ್ದೇ ಕಾಯ್ತಾ ಅದೆ. ನಾನು ಎಳನೀರು ಲೋಡ್ ಮಾಡೋನು ಸಾ. ಆ ಹಾಲು ನಮ್ ಬಾಮೈದುಂದು, ಖಾಲಿ ಇತ್ತು ಅಂತ ಕೊಟ್ಟ. ಕಾರ್ಡೂ ಅವುಂದೇ. ನಾಲ್ಕು ಸಾವಿರದ ಸೈಕಲ್‌ಗೆ ಏನ್ ಮುಯ್ಯಿ ಆಕಾದು ಯೋಳಿ? ಬರೀಕೈಲಿ ಯಂಗ್ ಬರಾದು ಸಾ? ವಾರದಿಂದ ಅಂಗಡಿ ಅಂಗಡಿ ತಿರುಗ್ದೆ. ಏನ್ ಇಡುದ್ರೂ ಕಮ್ಮಿನೇ ಅನ್ಸದು.”

ನನಗೆ ನಾಚಿಕೆಯಾಯಿತು. ನನ್ನ ಕಿವಿಯಲ್ಲಿದ್ದ “ಇಷ್ಟೇನಾ” ತೆಗೆದು ಇವನ ಕಿವಿಗೆ ಹಾಕಿ ಬಂದಿದ್ದೆನಲ್ಲ! ಅದೂ ಚಪ್ಪಾಳೆ ತಟ್ಟಿಸಿಕೊಂಡು. “ತಪ್ಪು ನಂದು ಕಣಪ್ಪ. ಏನೂ ಬೇಡ, ಮಗೂನ ಕಳಿಸು. ನನ್ ಮಗಳು ಬಾಗಿಲಲ್ಲಿ ಕಾಯ್ತಾ ನಿಂತವ್ಳೆ” ಎಂದೆ. ಅಷ್ಟು ಹೊತ್ತಿಗೆ ನನ್ನ ಭಾಷೆಯೂ ಅವನ ದಾರಿಗೆ ಬಂದಿತ್ತು.

ಶಿವಣ್ಣ ಗೂಡ್ಸ್ ಆಟೋ ತಂದ. ಅದರಲ್ಲಿ ಲಿಖಿತಾ, ಸೈಕಲ್ಲು, ಬೇಡವೆಂದರೂ ಕೇಳದೆ ಒಂದು ಗೊನೆ ಎಳನೀರು. ಆಟೋ ಕಂಡ ಮನ್ವಿ ಚಾಕು ಎಸೆದು ಓಡಿದಳು. ಯಾರು ಏನು ತಂದರೆಂದು ಅವಳು ನೋಡಲೇ ಇಲ್ಲ. ಇಬ್ಬರೂ ಸೈಕಲ್ ಏರಿ ಬೀದಿ ಕೊನೆ ಮುಟ್ಟಿದ ಮೇಲೆ ಹೋಗಿ ಹಿಡಿದುಕೊಂಡು ಬಂದು ಕೇಕ್ ಕತ್ತರಿಸಿದ್ದಾಯಿತು. ಗೊನೆ ನೋಡಿದ್ದು ನಮ್ಮವ್ವ ಮಾತ್ರ. “ಒಳ್ಳೆ ತುಂಬಿದ ಗೊನೆ ಕಣ್ಲಾ. ಬರೋ ವರ್ಸ ಇದ್ಕೆ ಏನ್ಲಾ ಕೊಟ್ಟೀಯೆ?” ಎಂದಿತು. ಶಿವಣ್ಣ ಬೆಚ್ಚಿಬಿದ್ದು, “ಅಯ್ಯೋ, ದಮ್ಮಯ್ಯ ಅಂತೀನಿ, ಏನೂ ಬ್ಯಾಡಿ” ಎಂದ. ಅಲ್ಲೇ ಒಪ್ಪಂದವಾಯಿತು. ಇನ್ನು ಮೇಲೆ ಅವನೂ ಕೊಡಬಾರದು, ನಾನೂ ಕೊಡಬಾರದು. ಮಕ್ಕಳು ಬಂದು ಹೋದರೆ ಅದೇ ಮುಯ್ಯಿ.

ವರ್ಷ ತಿರುಗಿತು. ಲಿಖಿತಾಳ ಹುಟ್ಟುಹಬ್ಬಕ್ಕೆ ಮೂರು ದಿನ ಇರುವಾಗ ನನ್ನ ತಲೆಯೊಳಗೆ ಮತ್ತೆ ಹುಳ ಹೊಕ್ಕಿತು. ನಾನು ಬರಿಗೈಯಲ್ಲಿ ಹೋಗಿ, ಆಮೇಲೆ ಮನ್ವಿಗೆ ಅವನು ಮಾತು ತಪ್ಪಿ ಏನಾದರೂ ತಂದುಬಿಟ್ಟರೆ? ಇರಲಿ, ಬೀರುವಿನಲ್ಲೊಂದು ಬಿದ್ದಿರಲಿ ಎಂದು ಸುಧಾಗೆ ಹೇಳದೆ ಅದೇ ಅಂಗಡಿಗೆ ಹೋದೆ. ಗೊಂಬೆಯ ಡಬ್ಬವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದರೆ, ಎದುರಿಗೆ ಶಿವಣ್ಣ. ಅವನ ಎರಡೂ ಕೈ ಬೆನ್ನ ಹಿಂದೆ ಇದ್ದವು. ಆಚೀಚೆಯಿಂದ ಗುಲಾಬಿ ಕಾಗದ ಇಣುಕುತ್ತಿತ್ತು. ತನ್ನ ಮಗಳಿಗೇ ಆಗಿದ್ದರೆ ನನ್ನಿಂದ ಬಚ್ಚಿಡುತ್ತಿರಲಿಲ್ಲ.

ನನ್ನ ಡಬ್ಬವೂ ಬೆನ್ನ ಹಿಂದೆ ಹೋಯಿತು. ಕೊನೆಗೆ ಅವನೇ ಕೇಳಿದ: “ಜ್ವರ ಬುಡ್ತಾ ಸಾ?”

“ಇನ್ನೂ ಇಲ್ಲ ಕಣಪ್ಪ” ಎಂದೆ.