ಹಸುವಿಗೆ ವಿಟಮಿನ್ ತಿನ್ನಿಸಿದ ಮಾವ

ನಮ್ಮ ಸೋದರಮಾವನಷ್ಟು ಶಿಸ್ತಿನ ಸಕ್ಕರೆ ಕಾಯಿಲೆಯವರು ಇಡೀ ಎನ್.ಆರ್.ಪುರದಲ್ಲಿ ಇನ್ನೊಬ್ಬರಿರಲಿಲ್ಲ. ಹೋಳಿಗೆಗೆ ಮುಂಚೆ ಅವರು ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ! ಮೂರು ಹೋಳಿಗೆಗೆ ಒಂದು ಮಾತ್ರೆ, ಐದು ದಾಟಿದರೆ ಒಂದೂವರೆ. ಈ ಪ್ರಮಾಣ ಯಾವ ಡಾಕ್ಟರೂ ಹೇಳಿದ್ದಲ್ಲ, ಸ್ವಂತ ಸಂಶೋಧನೆ. "ಸಾಕು ಮಾವಾ" ಎಂದರೆ, "ನುಂಗಿದ ಮಾತ್ರೆಗೆ ಕೆಲಸ ಬೇಡ್ವನೇ ಕೂಸೇ? ಅದು ಒಳಗೆ ಸುಮ್ನೆ ಕೂತ್ಕಂಡು ಎಂತ ಮಾಡ್ತದೆ?" ಎನ್ನುತ್ತಿದ್ದರು.

ಹೀಗೆ ಕೆಲಸ ಕೊಟ್ಟೂ ಕೊಟ್ಟೂ ಮಾತ್ರೆ ಸುಸ್ತಾಯಿತು. ಇನ್ಸುಲಿನ್ ಬಂತು, ಅದೂ ಸುಸ್ತಾಯಿತು. ಮಾವ ಮಾತ್ರ ಸುಸ್ತಾಗದೆ ನೂರಿಪ್ಪತ್ತು ಕಿಲೋ ಮುಟ್ಟಿದರು. ಆಗಿನ್ನೂ ನಮ್ಮ ಕಡೆ ಎಲ್ಲರ ಕೈಗೂ ಮೊಬೈಲ್ ಬಂದ ಹೊಸತು. ಯಾರೋ ಫೋನಿನಲ್ಲಿ ಹೇಳಿದರೆಂದು ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡೇ ಬಂದರು. ಜಠರವನ್ನು ಪುಟ್ಟ ಬಟ್ಟಲಿನಷ್ಟು ಮಾಡಿ, ಕರುಳನ್ನು ಅಡ್ಡದಾರಿಯಲ್ಲಿ ಜೋಡಿಸಿದ್ದರಂತೆ. ಸಕ್ಕರೆ ನಿಜಕ್ಕೂ ಇಳಿಯಿತು. ಅಲ್ಲಿಗೆ ಕಿಗ್ಗದಿಂದ ಕಮ್ಮರಡಿಯವರೆಗಿನ ಸಕ್ಕರೆ ಕಾಯಿಲೆಯವರಿಗೆಲ್ಲ ಮಾವನ ಉಪನ್ಯಾಸ ಶುರುವಾಯಿತು!

ತಿನ್ನುವುದು ನಿಂತರೂ ಮದುವೆ ಮನೆ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಶೃಂಗೇರಿಯ ಒಂದು ಮದುವೆಯಲ್ಲಿ ಎರಡು ಚಮಚ ಅನ್ನ ಉಂಡವರು ಪಂಕ್ತಿಯಿಂದ ಏಳದೆ, ಪಕ್ಕದ ಬಡಪಾಯಿಯ ಎಲೆಗೆ ಬಡಿಸುವವರನ್ನು ಕರೆಯತೊಡಗಿದರು. "ಇವರಿಗೆ ಇನ್ನೆರಡು ಹೋಳಿಗೆ ಹಾಕಿ ಮಾರಾಯ್ರೆ. ತುಪ್ಪ ಎಲ್ಲಿ, ತುಪ್ಪ?" ಆ ಮನುಷ್ಯ ಎಲೆಯ ಮೇಲೆ ಅಡ್ಡ ಮಲಗುವುದೊಂದು ಬಾಕಿ. "ನಂಗೆ ಸಾಕು ರಾಯ್ರೆ" ಎಂದು ಕೈ ಮುಗಿದರೆ, "ನೀವು ತಿನ್ನಿ, ನಾನು ನೋಡ್ತೆ" ಎಂದರು ಮಾವ!

ಇಷ್ಟಕ್ಕೇ ಮುಗಿದಿದ್ದರೆ ನಗಬಹುದಿತ್ತು. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟಿದ್ದರು: ತಿನ್ನುವುದೂ ಕಡಿಮೆ, ತಿಂದದ್ದು ಮೈಗೆ ಹತ್ತುವುದೂ ಕಡಿಮೆ, ಆದ್ದರಿಂದ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವಮಾನವಿಡೀ ಬೇಕೇ ಬೇಕು, ಜೊತೆಗೆ ಬಿ-ಹನ್ನೆರಡರ ಇಂಜೆಕ್ಷನ್. ಮಾವನಿಗೆ ಸಿಟ್ಟು ಬಂತು. "ಮಾತ್ರೆ ಬಿಡ್ಸಾಕೆ ಹೊಟ್ಟೆ ಕುಯ್ಸಿಕೊಂಡಿದ್ದು. ಮತ್ತೆ ಮಾತ್ರೆ ಅಂದ್ರೆ ಹೆಂಗೆ?" ಇಂಜೆಕ್ಷನ್ ಕಡೆ ತಲೆಯೇ ಹಾಕಲಿಲ್ಲ. ಆದರೂ ದಿನಾ ಬೆಳಿಗ್ಗೆ ಮಾತ್ರೆ ಹಿಡಿದು ಹಿತ್ತಿಲ ಕಡೆ ಹೋಗುತ್ತಿದ್ದರು. ಯಜಮಾನರು ಗುಟ್ಟಾಗಿ ನುಂಗುತ್ತಾರೆಂದು ಅತ್ತೆಗೆ ಸಮಾಧಾನ.

ವರ್ಷ ಕಳೆಯುವುದರೊಳಗೆ ಮಾವನ ತಲೆಕೂದಲು ಹೋಯಿತು, ಮುಖ ಬಿಳಿಚಿತು. ಅವರ ಮನೆಯ ಹಸು ಮಾತ್ರ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚತೊಡಗಿತು. ಆಗಲಾದರೂ ನಮಗೆ ಹೊಳೆಯಬೇಡವೇ?

ಒಂದು ದಿನ ಮಾವ ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಒಂಟಿ ಚಪ್ಪಲಿಯಲ್ಲಿ ಬಂದರು. ಇನ್ನೊಂದೆಲ್ಲಿ ಎಂದು ಕೇಳಿದೆ. ಬಗ್ಗಿ ನೋಡಿಕೊಂಡರು. ಬಿದ್ದದ್ದೇ ಗೊತ್ತಾಗಿರಲಿಲ್ಲ. ಅಂಗಾಲು ಕಲ್ಲು ತಾಗಿ ಹರಿದು ರಕ್ತ ಬರುತ್ತಿತ್ತು, ಅದೂ ಗೊತ್ತಾಗಿರಲಿಲ್ಲ. ಅಲ್ಲಿಂದಲೇ ಕೊಪ್ಪದ ಡಾಕ್ಟರ ಬಳಿಗೆ ಎಳೆದುಕೊಂಡು ಹೋಗಿ ಆಪರೇಷನ್ನಿನ ವಿಷಯ ಹೇಳಿದೆ.

"ವಿಟಮಿನ್ ಮಾತ್ರೆ ತಗೊಳ್ತಾ ಇದ್ದೀರಾ?"

"ಹಸುವಿಗೆ ಕೊಡ್ತೆ" ಎಂದರು ಮಾವ, ತುಂಬ ಗಂಭೀರವಾಗಿ. "ಹಿಂಡಿಯಲ್ಲಿ ಪುಡಿ ಮಾಡಿ ಹಾಕ್ತೆ. ಹಸು ತಿಂದದ್ದು ಹಾಲಿಗೆ ಬರ್ತದಲ? ಆ ಹಾಲು ನಾನು ಕುಡೀತೆ. ನನ್ನ ಹೊಟ್ಟೆ ಸಣ್ಣದು, ಅದರದ್ದು ದೊಡ್ಡದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದರೆ ಹಸುವಿನ ರಕ್ತಪರೀಕ್ಷೆ ಚೆನ್ನಾಗಿ ಬರ್ತದೆ. ನಿಮ್ಮದು ಮಾಡೋಣ."

ನಾನು ನಕ್ಕೆ. ಡಾಕ್ಟರು ನಗಲಿಲ್ಲ. ನರಗಳು ಉಪವಾಸ ಬಿದ್ದಿವೆ, ಇಂಜೆಕ್ಷನ್ ಕೊಟ್ಟರೆ ಕಾಲಿನ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು, ತಡವಾಗಿದೆ ಎಂದರು.

ಅವರ ಮನೆಗೆ ಬಿಟ್ಟು ಹೊರಡುವಾಗ ಪದ್ಧತಿಯಂತೆ ಮಾವನ ಕಾಲಿಗೆ ನಮಸ್ಕರಿಸಿದೆ. ಎರಡೂ ಪಾದಗಳ ಮೇಲೆ ನನ್ನ ಕೈಯಿತ್ತು. ಮಾವ ಅತ್ತೆಯ ಹತ್ತಿರ ಡಾಕ್ಟರನ್ನು ಬೈಯುತ್ತಲೇ ಇದ್ದರು. ಕೈ ಒತ್ತಿದೆ, ಊಹೂಂ. ನಾನು ಎದ್ದ ಮೇಲೆ, "ಯಾವಾಗ ಬಗ್ಗಿದ್ಯೇ?" ಎಂದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಮಾವನ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ಇಷ್ಟು ದಿನ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಆಮೇಲೆ ಮಾವ ಒಂದು ಇಂಜೆಕ್ಷನ್ನೂ ತಪ್ಪಿಸಲಿಲ್ಲ. ಮಾತ್ರೆಗಳನ್ನು ಅತ್ತೆಯ ಎದುರಿಗೇ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದರು. ನಾನು ಹೋದಾಗಲೆಲ್ಲ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು, ನಾನು ಬಗ್ಗುತ್ತಿದ್ದೆ.

"ಮುಟ್ಟಿದ್ಯಾ?"

"ಮುಟ್ಟಿದೆ ಮಾವ."

"ಹ್ಞೂಂ."

ತಿಂಗಳುಗಟ್ಟಲೆ ಇಷ್ಟೇ ಮಾತು. ಒಂದು ದಿನ ಅತ್ತೆಯ ಪಾತ್ರೆಗಳನ್ನು ತೊಳೆದುಕೊಟ್ಟು, ಕೈ ಒರೆಸಿಕೊಳ್ಳುವುದನ್ನೂ ಮರೆತು ಬಗ್ಗಿದೆ. ಮಾವ ಕಣ್ಣು ತೆರೆಯಲಿಲ್ಲ.

"ಎಂತದೇ ಕೂಸೇ, ನಿನ್ನ ಕೈ ಇಷ್ಟು ತಣ್ಣಗೆ?"

ಬಗ್ಗಿದವಳು ಸುಮಾರು ಹೊತ್ತು ಏಳಲೇ ಇಲ್ಲ.