ಒಂಬತ್ತು ಪ್ರಶ್ನೆ, ಒಂದು ಪಕ್ಕೆಲುಬು

ಸಿಂಚನಾ, ಯಶವಂತ, ಇಬ್ಬರೂ ಕೇಳಿ. ಪ್ರಪಂಚದಲ್ಲಿ ಬಾಯಿಬಿಟ್ಟು ಕೇಳಬಲ್ಲವರು ಕೆಲವರು, ಕೇಳಲಾರದೆ ಮನೆಗೆ ಬಂದು ಕೊರಗುವವರು ಕೆಲವರು. ನಿಮ್ಮ ಅಜ್ಜಿ ಎರಡನೆಯ ಗುಂಪಿನವಳು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ, ಮೇಷ್ಟರನ್ನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮದುವೆಯಾದ ಮೇಲೆ ನನ್ನ ಪಾಲಿನ ಮಾತನ್ನೂ ನಿಮ್ಮ ತಾತನೇ ಆಡಿಬಿಡುತ್ತಿದ್ದರು. ಒಮ್ಮೆ ಹಲ್ಲುನೋವೆಂದು ತಿಪಟೂರಿಗೆ ಹೋದಾಗ, ಯಾವ ಹಲ್ಲು ಎಂದು ಡಾಕ್ಟರು ಕೇಳಿದ್ದಕ್ಕೆ ಅವರೇ ಬಾಗಿ ಬೆರಳಿಟ್ಟು ತೋರಿಸಿದರು. ತೋರಿಸಿದ್ದು ಪಕ್ಕದ ಹಲ್ಲು. ನಾನು ಅದನ್ನೇ ಕೀಳಿಸಿಕೊಂಡು, ನೋಯುವ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಬಸ್ಸು ಹತ್ತಿ ಬಂದೆ. ಅವರಿಗೆ ಬೇಜಾರಾದೀತೆಂದು ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಈಗಲೂ ಆ ಕಡೆ ಚಕ್ಕುಲಿ ಅಗಿಯಲಾರೆ.

ಇಂಥವಳಿಗೆ ಬಂದ ಕಾಯಿಲೆ ನೋಡಿ. ನಮ್ಮ ಮನೆಯಲ್ಲಿ ಬಲಿತ ಕಾಯಿಗಳನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದ ಮೇಲೆ ಬಿಡುವುದನ್ನು ನೀವು ಹುಟ್ಟಿದಾಗಿನಿಂದ ಕಂಡಿದ್ದೀರಿ. ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದನ್ನು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿ ಹೇಳಬೇಕು. ಮನೆಯಲ್ಲಿ ಆ ಕಿವಿ ನನ್ನದು. ಮಾತಿಲ್ಲದೆ ಮಾಡಬಹುದಾದ ಕೆಲಸವಾದ್ದರಿಂದ ನನಗೆ ಬಲು ಇಷ್ಟ. ಹೋದ ವರ್ಷ ಹಾಗೆ ಅಲ್ಲಾಡಿಸುತ್ತಿದ್ದಾಗ ಬಲಗೈ ಜೋಮು ಹಿಡಿದು, ಕಾಯಿ ಜಾರಿ ಕಾಲ ಮೇಲೆ ಬಿತ್ತು. ಎಲ್ಲರೂ ಕಾಲಿಗೆ ಔಷಧಿ ಹಚ್ಚಿದರು. ತೊಂದರೆ ಕೈಯದು ಎಂದು ನಾನು ಹೇಳಲಿಲ್ಲ.

ಆಮೇಲೆ ಬಟ್ಟೆ ಒಣಗಹಾಕಲು ಕೈ ಎತ್ತಿದರೆ ಜೋಮು, ತಲೆ ಬಾಚಿದರೆ ಜೋಮು. ಅಂಗೈಯ ಹೆಬ್ಬೆರಳಿನ ಬುಡದ ದಿಂಡು ಸವೆದುಹೋಗುತ್ತಿರುವುದನ್ನು ಕಂಡು ನಿಮ್ಮಮ್ಮ ಭಾಗ್ಯ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಎರಡೂ ಕೈ ಮೇಲೆತ್ತಿ ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಿ ಎಂದರು. ಪೊಲೀಸರ ಕೈಗೆ ಸಿಕ್ಕಿಬಿದ್ದವಳಂತೆ ಕೂತಿದ್ದೆ. ಒಂದು ನಿಮಿಷಕ್ಕೇ ಬಲಗೈ ತಾನಾಗಿ ಕೆಳಗಿಳಿಯಿತು. ಕೊರಳ ಮೂಳೆಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ಒಂದು ಸಂದಿಯಿದೆಯಂತೆ. ಕೈಗೆ ಹೋಗುವ ನರಗಳೆಲ್ಲ ಅಲ್ಲೇ ನುಸುಳಬೇಕಂತೆ. ನನ್ನ ಸಂದಿ ಇಕ್ಕಟ್ಟಾಗಿ ನರ ಅದುಮಿಕೊಂಡಿದೆ. ಆರು ತಿಂಗಳು ವ್ಯಾಯಾಮ ಮಾಡಿಸಿದರು. ಗುಣ ಕಾಣಲಿಲ್ಲ. ಆ ಪಕ್ಕೆಲುಬನ್ನೇ ತೆಗೆಯಬೇಕು ಎಂದರು.

ಪಕ್ಕದ ಮನೆಯ ಪುಟ್ಟಮ್ಮ ಕೇಳಿದವಳೇ ಜಗಲಿಯ ಮೇಲೆ ಕೂತುಬಿಟ್ಟಳು. "ದೇವ್ರು ಲೆಕ್ಕ ಹಾಕಿ ಕೊಟ್ಟಿರೋ ಎಲುಬು ಕಣೇ. ಒಂದು ತೆಗೆಸ್ಬುಟ್ರೆ ಒಂದ್ ಕಡೀಕೆ ವಾಲ್ಕಂಡು ನಡೀತೀಯ ನೋಡು. ಆಪರೇಸನ್ ಬುಡು, ಈ ಸೊಪ್ಪಿನ ಕಷಾಯ ಕುಡಿ" ಎಂದಳು. ಬೇಡ ಎನ್ನಲು ಸಂಕೋಚವಾಗಿ ಎರಡು ತಿಂಗಳಾದರೂ ಕುಡಿಯುತ್ತಲೇ ಇದ್ದೆ. ಡಾಕ್ಟರಿಗೆ ಹೇಳಲೂ ಸಂಕೋಚವಾಗಿ ಬಚ್ಚಿಟ್ಟೆ. ನನ್ನ ಸಂಕೋಚಕ್ಕೆ ಎಡಗೈ ಬಲಗೈ ಎರಡೂ ಗಟ್ಟಿಯಾಗಿವೆ.

ಸಿಂಚನಾ, ಆಗ ನೀನು ನೋಟ್‌ಬುಕ್ಕಿನ ಹಾಳೆಯಲ್ಲಿ ಒಂಬತ್ತು ಪ್ರಶ್ನೆ ಬರೆದುಕೊಟ್ಟೆ. ಯಾವ ಕಡೆಯದು ಎಂದು ಮೊದಲೇ ಗುರುತು ಹಾಕುತ್ತೀರಾ, ಎಲ್ಲಿ ಕೊಯ್ಯುತ್ತೀರಿ, ಮಾಡಿಸದಿದ್ದರೆ ಏನಾಗುತ್ತದೆ, ಯಾವ ಮಾತ್ರೆ ನಿಲ್ಲಿಸಬೇಕು, ಎಷ್ಟು ದಿನ ಆಸ್ಪತ್ರೆ, ಹೀಗೆ. ನಾನು ಅದನ್ನು ದನದ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ಬಾಯಿಪಾಠ ಮಾಡಿದೆ. ಹಸು ಒಂದಕ್ಕೂ ಬೇಸರಿಸಲಿಲ್ಲ. ಡಾಕ್ಟರ ಎದುರು ಕೂತಾಗ ಮಾತ್ರ ಹಾಳೆ ಮುಷ್ಟಿಯಲ್ಲೇ ಬೆವರಿತು. ಎಲ್ಲ ವಿವರಿಸಿ, "ಏನಾದ್ರೂ ಕೇಳೋದಿದೆಯಾ ಅಮ್ಮ?" ಎಂದರು. ನಾನು, "ಏನಿಲ್ಲ ಸ್ವಾಮಿ. ತಮ್ದು ಊಟ ಆಯ್ತಾ?" ಎಂದೆ.

ಹೊರಗೆ ಬಂದು ಭಾಗ್ಯ ನನ್ನನ್ನು ರೈಲು ಹತ್ತಿಸಿದಳು. ರೈಲು ತುಮಕೂರು ದಾಟಿದ ಮೇಲೆ, "ಅವರದು ಆಗಿತ್ತಂತಾ ಅತ್ತೆ?" ಎಂದಳು. ಮನೆಯಲ್ಲಿ ನಿನ್ನ ಸರದಿ, ಸಿಂಚನಾ. "ಒಂಬತ್ತು ಪ್ರಶ್ನೆ ಬರ್ಕೊಟ್ರೆ ಊಟ ಆಯ್ತಾ ಅಂತ ಕೇಳ್ಬಂದ್ಯಾ ಅಜ್ಜಿ? ಕೈ ನಿಂದು ಕಣಜ್ಜಿ, ಅವರದಲ್ಲ" ಎಂದು ನೀನು ಅತ್ತುಬಿಟ್ಟೆ. ನಗುತ್ತಿದ್ದ ಯಶವಂತ ಎದ್ದು ನಿನಗೆ ನೀರು ತಂದುಕೊಟ್ಟ. ಆ ದಿನ ನನಗೆ ಹಲ್ಲು ನೆನಪಾಯಿತು. ಹಲ್ಲು ಹೋದರೆ ಚಕ್ಕುಲಿ ಬಿಡಬಹುದು. ಈ ಬಲಗೈ ಹೋದರೆ ಏನೇನು ಬಿಡಬೇಕೆಂದು ಎಣಿಸಲು ಕೂತು, ಅರ್ಧಕ್ಕೇ ಎದ್ದುಬಿಟ್ಟೆ.

ಎರಡನೆಯ ಸಲ ಹೋಗುವಾಗ, ಬರಿಗೈಯಲ್ಲಿ ಹೋಗುವುದು ಹೇಗೆಂದು ಒಂದು ಉಂಡೆ ಕೊಬ್ಬರಿ, ಇನ್ನೂ ಚಿಪ್ಪು ಬಿಡಿಸದ ಒಂದು ಒಣಗಾಯಿ, ಎರಡನ್ನೂ ಕಾಗದದಲ್ಲಿ ಸುತ್ತಿಕೊಂಡೆ. ಡಾಕ್ಟರು ನಮ್ಮ ಸೀಮೆಯವರಲ್ಲ. ಕಾಯಿಯನ್ನು ಎತ್ತಿ ನೋಡಿದರು. ಒಳಗೆ ಗಡಗಡ ಸದ್ದಾಯಿತು. "ಇದನ್ನ ಒಡೀದೆ ಇಡಿಯಾಗಿ ಹೇಗೆ ತೆಗೀತೀರಮ್ಮ?" ಎಂದು ಕೇಳಿದರು.

ಮಕ್ಕಳೇ, ನನಗೆ ಬರುವ ವಿಷಯವನ್ನು ಓದಿದವರೊಬ್ಬರು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಮಚ್ಚನ್ನು ಹೇಗೆ ಓರೆ ಹಿಡಿಯಬೇಕು, ಎಲ್ಲಿ ಮೊದಲ ಏಟು, ಚಿಪ್ಪು ಸೀಳುವ ಸದ್ದು ಕೇಳಿದೊಡನೆ ಕೈ ಹೇಗೆ ಹಗುರ ಮಾಡಬೇಕು, ಎಲ್ಲ ಹೇಳಿದೆ. ಹೊರಗೆ ಬೇರೆ ರೋಗಿಗಳಿದ್ದಾರೆಂಬುದೂ ಮರೆತಿತ್ತು. ಹೇಳುತ್ತ ಹೇಳುತ್ತ ಬಾಯಿಂದ ಹಾಳೆಯಲ್ಲಿಲ್ಲದ ಮಾತು ಬಂತು. "ನಿಮ್ ಕೆಲ್ಸಾನೂ ಹಿಂಗೇ ಅಲ್ವಾ ಸ್ವಾಮಿ? ಎಲುಬು ತೆಗೀಬೇಕು, ಒಳಗಿರೋದಕ್ಕೆ ತಾಗಬಾರ್ದು. ನಾನು ಕಲಿಯೋವಾಗ ಎಷ್ಟೋ ಉಂಡೆ ಒಡೆದಿದೀನಿ. ಈಗ್ಲೂ ಒಂದೊಂದು ಒಡೀತದೆ. ತಮ್ ಕೈಲಿ ಎಷ್ಟು ಒಡೆದವೆ?"

ಭಾಗ್ಯ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಡಾಕ್ಟರು ಕಾಯಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಒಬ್ಬರಿಗೆ ಶ್ವಾಸಕೋಶದ ಪೊರೆಗೆ ತಾಗಿತ್ತಮ್ಮ. ಎದೆಗೆ ಕೊಳವೆ ಹಾಕಿ ಸರಿಮಾಡಿದೆ. ಇನ್ನೊಬ್ಬರಿಗೆ ಜೋಮು ಪೂರ್ತಿ ಹೋಗಲೇ ಇಲ್ಲ. ಅವರನ್ನ ನಾನು ಮರೆತಿಲ್ಲ" ಎಂದರು.

ನಾನು ಮಾಡಿಸಿಕೊಳ್ಳಲು ಒಪ್ಪಿದ್ದು ಆ ಕ್ಷಣದಲ್ಲಿ. ಒಂದೂ ಒಡೆದಿಲ್ಲ ಎನ್ನುವವನನ್ನು ನಮ್ಮ ಕಡೆ ಯಾರೂ ಕೊಬ್ಬರಿ ಕೆಲಸಕ್ಕೆ ಕರೆಯುವುದಿಲ್ಲ. ಅವನು ಆ ಕೆಲಸವನ್ನೇ ಮಾಡಿರುವುದಿಲ್ಲ.

ಆಮೇಲೆ ಒಂಬತ್ತು ಪ್ರಶ್ನೆಗಳೂ ಒಂದರ ಹಿಂದೊಂದು ಹೊರಬಂದವು. ಪುಟ್ಟಮ್ಮನ ಕಷಾಯವನ್ನೂ ಒಪ್ಪಿಕೊಂಡೆ. ಅವತ್ತಿನಿಂದಲೇ ನಿಲ್ಲಿಸಲು ಹೇಳಿ, ಬೇರೇನು ಕುಡಿಯುತ್ತೀರಿ ಎಂದು ಮೂರು ಸಲ ಕೇಳಿದರು. ನಾನು ಎಚ್ಚರವಿರುವಾಗಲೇ ಬಲಭುಜದ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಾಡಿಸದಿದ್ದರೆ ಅಂಗೈ ಇನ್ನೂ ಸವೆಯಬಹುದು, ಸವೆದದ್ದು ತುಂಬಿ ಬರುತ್ತದೆಂಬ ಭರವಸೆಯಿಲ್ಲ. ಕೊನೆಗೆ ಹತ್ತನೆಯದಾಗಿ ನನ್ನದೇ ಒಂದು ಕೇಳಿದೆ. "ಕಾಯಿ ಕಿವಿ ಹತ್ರ ಹಿಡಿದು ಅಲ್ಲಾಡ್ಸಕ್ಕೆ ಆಯ್ತದಾ ಸ್ವಾಮಿ?" "ಮೊದಲು ಕೆಲವು ತಿಂಗಳು ಭಾರ ಎತ್ತೋ ಹಾಗಿಲ್ಲ. ಆಮೇಲೆ ಆಗಬಹುದು ಅಂತ ನನಗನಿಸುತ್ತೆ. ಆಗೇ ಆಗುತ್ತೆ ಅಂತ ಹೇಳಲ್ಲ" ಎಂದರು. ಆಗೇ ಆಗುತ್ತೆ ಎಂದಿದ್ದರೆ ನನಗೆ ಭಯವಾಗುತ್ತಿತ್ತು.

ಸೋಮವಾರ ಸೇರಿಕೊಳ್ಳಬೇಕು. ಕನ್ನಡಕ, ಸ್ಕ್ಯಾನಿನ ಫಿಲ್ಮು, ಮಾತ್ರೆಯ ಚೀಟಿ, ಎಲ್ಲ ಚೀಲದಲ್ಲಿದೆ. ಅಟ್ಟದ ಕಾಯಿಗಳನ್ನು ಈ ಸಲ ಸಿಂಚನಾ ಅಲ್ಲಾಡಿಸಿ ನೋಡಲಿ. ನೀರಿನದು, ಉಂಡೆಯದು, ಎರಡು ಸದ್ದಿನ ವ್ಯತ್ಯಾಸ ನಿನ್ನೆ ಕೇಳಿಸಿದ್ದೇನೆ. ಉಂಡೆ ತೆಗೆಯುವಾಗ ಒಡೆದರೆ ಒಡೆಯಲಿ, ಬೈಯುವುದಿಲ್ಲ. ಇಷ್ಟೆಲ್ಲ ಧೈರ್ಯ ಬಂತೆಂದು ಬೀಗುತ್ತಿದ್ದೆ. ಇವತ್ತು ಬೆಳಿಗ್ಗೆ ಅರಿವಳಿಕೆ ಕೊಡುವ ಡಾಕ್ಟರು ಫೋನು ಮಾಡಿ, ಆಪರೇಷನ್ನಿನ ದಿನ ಬೆಳಿಗ್ಗೆ ಏನೂ ತಿನ್ನಬಾರದು, ಕೇಳುವುದೇನಾದರೂ ಇದೆಯಾ ಎಂದರು. ಅವರು ಹೊಸಬರು, ಹೆಣ್ಣುಮಗಳು, ದನಿ ಬಹಳ ದಣಿದಿತ್ತು. "ತಿಂಡಿ ಆಯ್ತೇನವ್ವ?" ಎಂದುಬಿಟ್ಟೆ. ಆಗಿರಲಿಲ್ಲವಂತೆ.

ಇದನ್ನು ನಾಲ್ಕು ದಿನದಲ್ಲಿ, ಹತ್ತು ಸಾಲಿಗೊಮ್ಮೆ ಕೈ ಕೊಡವಿಕೊಂಡು ಬರೆದಿದ್ದೇನೆ. ಕೆಳಕೆಳಗೆ ಹೋದಂತೆ ಅಕ್ಷರ ವಾಲಿರುವುದು ನಿಮಗೂ ಕಾಣುತ್ತದೆ. ಕೈ ಒಪ್ಪಿದ ಮೇಲೆ ಇದೇ ಪೆನ್ನಿನಲ್ಲಿ ಇನ್ನೊಂದು ಪುಟ ಬರೆಯುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ನೆಟ್ಟಗಿದೆ ಎಂದು ನೀವು ಹೇಳಬೇಕು. ಇನ್ನೊಂದು ಪುಟ ಬರದೇಹೋದರೆ, ಹೋಲಿಸುವ ಕೆಲಸ ನಿಮಗೆ ತಪ್ಪಿತು, ಈ ವಾಲಿದ ಅಕ್ಷರವೇ ಅಜ್ಜಿ ಎಂದುಕೊಳ್ಳಿ. ಹೇಗಾದರೂ ಈ ಹಾಳೆಗಳು ಬೇಕು. ಅಟ್ಟದ ಮೇಲೆ ಮಾತ್ರ ಇಡಬೇಡಿ, ಇಲಿಗಳಿವೆ. ಸಿಂಚನಾಳ ಅಂಕಪಟ್ಟಿಯ ಫೈಲಿನಲ್ಲಿ, ಆ ಒಂಬತ್ತು ಪ್ರಶ್ನೆಯ ಬೆವರಿದ ಹಾಳೆಯ ಜೊತೆ ಇಟ್ಟಿರಿ.